ಅಟಕಾಮಾ ಮರುಭೂಮಿ: ಪೆಟ್ಲುಪ್ಪಿನ ಕಾಲದಿಂದ ಲಿಥಿಯಂವರೆಗೆ ಅಳತೆಯ ಜಗಳ

ಉತ್ತರ ಚಿಲಿಯ ಉಪ್ಪಿನ ಬಯಲಾದ ಸಲಾರ್ ದೆ ಅಟಕಾಮಾದಲ್ಲಿ ಲಿಥಿಯಂಗೆ ಎಷ್ಟು ನೀರು ಖರ್ಚಾಗುತ್ತಿದೆ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದರಲ್ಲಿ ಸಿಹಿನೀರಿನ ಲೆಕ್ಕ ಮಾತ್ರ. ಇನ್ನೊಂದರಲ್ಲಿ ನೆಲದಡಿಯಿಂದ ಎತ್ತುವ ಉಪ್ಪುನೀರೂ ಸೇರಿರುತ್ತದೆ. ಎರಡಕ್ಕೂ ಅಜಗಜಾಂತರ. ಈ ನೆಲದಲ್ಲಿ ಅಳತೆಯ ತಕರಾರು ಹೊಸದಲ್ಲ. ಅದರ ಬೇರು ಪೆಟ್ಲುಪ್ಪಿನ, ಅಂದರೆ ಗೊಬ್ಬರಕ್ಕೂ ಸಿಡಿಮದ್ದಿಗೂ ಬಳಕೆಯಾಗುತ್ತಿದ್ದ ಸೋಡಿಯಂ ನೈಟ್ರೇಟಿನ, ಕಾಲದಲ್ಲಿದೆ.

ಅಟಕಾಮಾದಲ್ಲಿ ಈ ಲವಣಗಳು ಉಳಿದಿರುವುದೇ ಮಳೆ ಇಲ್ಲದ್ದರಿಂದ. ಸೋಡಿಯಂ ನೈಟ್ರೇಟ್ ನೀರು ತಾಗಿದರೆ ಕರಗಿಹೋಗುತ್ತದೆ. ಆಗುಂಬೆಯಂಥ ಕಡೆ ಒಂದು ಮಳೆಗಾಲವೂ ಉಳಿಯುತ್ತಿರಲಿಲ್ಲ. ಇಲ್ಲಿ ಮಾತ್ರ ಲಕ್ಷಾಂತರ ವರ್ಷ ಸೇರುತ್ತ ಹೋಗಿ, ಕಾಲಿಚೆ ಎಂಬ ಕಲ್ಲಿನಂಥ ಪದರವಾಯಿತು. 1878ರಲ್ಲಿ ಬೊಲಿವಿಯಾ ತನ್ನ ಕರಾವಳಿಯಿಂದ ರಫ್ತಾಗುವ ನೈಟ್ರೇಟಿನ ಮೇಲೆ ಕ್ವಿಂಟಾಲಿಗೆ 10 ಸೆಂಟಾವೊ ತೆರಿಗೆ ಹಾಕಿತು, ಮರುವರ್ಷ ಚಿಲಿಯೊಡನೆ ಯುದ್ಧ ಶುರುವಾಯಿತು, 1884ರ ಹೊತ್ತಿಗೆ ಪೆರುವಿನ ತಾರಾಪಕಾವೂ ಬೊಲಿವಿಯಾದ ಕರಾವಳಿಯೂ ಚಿಲಿಯ ಕೈಸೇರಿದ್ದವು. ಮುಂದಿನ ನಾಲ್ಕು ದಶಕ ಚಿಲಿ ಸರ್ಕಾರದ ಆದಾಯದ ಅರ್ಧದಷ್ಟು ಇದರ ರಫ್ತು ಸುಂಕದಿಂದಲೇ ಬರುತ್ತಿತ್ತು.

ಗಣಿ ಎಂದರೆ ಸುರಂಗವಲ್ಲ, ಬಯಲು. ಮೇಲಿನ ಸಡಿಲ ಮಣ್ಣು, ಗಟ್ಟಿ ಹೊದಿಕೆ, ಕಾಲಿಚೆ ಮೂರನ್ನೂ ದಾಟುವ ಸಪೂರ ಗುಂಡಿ ಕೊರೆಯುತ್ತಿದ್ದರು. ದೊಡ್ಡವರು ಅದರೊಳಗೆ ಹಿಡಿಯುತ್ತಿರಲಿಲ್ಲವಾದ್ದರಿಂದ ಪುಟ್ಟ ಹುಡುಗನೊಬ್ಬನನ್ನು ಇಳಿಸಿ, ತಳವನ್ನು ಬಟ್ಟಲಿನಾಕಾರಕ್ಕೆ ಅಗಲ ಮಾಡಿಸುತ್ತಿದ್ದರು. ಅಲ್ಲಿ ಕಪ್ಪು ಮದ್ದು ತುಂಬಿ ಸಿಡಿಸಿದರೆ ಪದರ ಅಡಿಯಿಂದ ಎದ್ದು ಒಡೆಯುತ್ತಿತ್ತು.

ಒಡೆದ ಅದಿರು ಗಾಡಿಯಲ್ಲಿ ಕಾರ್ಖಾನೆಗೆ. 1870ರ ದಶಕದ ಕೊನೆಯಲ್ಲಿ ಜೇಮ್ಸ್ ಹಂಬರ್‌ಸ್ಟನ್ ಇಲ್ಲಿಗೆ ತಂದ ಶಾಂಕ್ಸ್ ವಿಧಾನ ಸರಳ ಗುಣವೊಂದನ್ನು ನೆಚ್ಚಿತ್ತು: ನೀರು ಬಿಸಿಯಾದಷ್ಟೂ ನೈಟ್ರೇಟ್ ಹೆಚ್ಚು ಕರಗುತ್ತದೆ, ಅಡುಗೆ ಉಪ್ಪು ಹೆಚ್ಚುಕಮ್ಮಿ ಅಷ್ಟೇ ಕರಗುತ್ತದೆ. ಉಗಿ ಕೊಳವೆ ಹಾಯಿಸಿದ ಕಬ್ಬಿಣದ ಕೊಪ್ಪರಿಗೆಗಳ ಸಾಲಿನಲ್ಲಿ ದ್ರಾವಣವನ್ನು ಒಂದರಿಂದ ಒಂದಕ್ಕೆ ಹರಿಸಿ ಗಟ್ಟಿ ಮಾಡುತ್ತಿದ್ದರು, ಆಮೇಲೆ ಅಗಲ ತೊಟ್ಟಿಗಳಲ್ಲಿ ತಣಿಯಲು ಬಿಡುತ್ತಿದ್ದರು. ಹರಳುಗಟ್ಟುವುದು ನೈಟ್ರೇಟ್, ಉಳಿದ ನೀರು ಮತ್ತೆ ಕೊಪ್ಪರಿಗೆಗೆ, ಅದರಿಂದಲೇ ಅಯೋಡಿನ್ ಕೂಡ. ಅದಿರನ್ನು ತೀರಾ ನುಣ್ಣಗೆ ಪುಡಿ ಮಾಡಿದರೆ ಕೆಸರಾಗಿ ಹರಿವು ಕಟ್ಟಿಕೊಳ್ಳುತ್ತಿತ್ತು, ದಪ್ಪ ಬಿಟ್ಟರೆ ನಡುವಿನ ನೈಟ್ರೇಟ್ ಕರಗದೆ ಉಳಿಯುತ್ತಿತ್ತು. ಸುಮಾರು ಶೇ 13ಕ್ಕಿಂತ ಕಡಿಮೆ ನೈಟ್ರೇಟ್ ಇದ್ದ ಅದಿರು ಲಾಭಕ್ಕೆ ಬರುತ್ತಿರಲಿಲ್ಲ. ಚರಟವನ್ನು ಸಲಿಕೆಯಿಂದ ತೆಗೆಯುವವರು ಇನ್ನೂ ಕಾವಾರದ ಕೊಪ್ಪರಿಗೆಗೆ ಇಳಿಯುತ್ತಿದ್ದರು. ಕುದಿಯುವ ತೊಟ್ಟಿಗೆ ಜಾರಿ ಬಿದ್ದು ಸತ್ತವರೂ ಇದ್ದರು.

ಕೂಲಿ ಸಿಗುತ್ತಿದ್ದುದು ಗಾಡಿ ಲೆಕ್ಕದಲ್ಲಿ. ಅದಿರು ಕಳಪೆಯೆಂದು ಮೇಲ್ವಿಚಾರಕ ತಳ್ಳಿಹಾಕಿದರೆ ಆ ಗಾಡಿಗೆ ಕಾಸಿಲ್ಲ. ಸಂಬಳವಾಗಿ ಕೊಡುತ್ತಿದ್ದ ಬಿಲ್ಲೆಗಳು ಕಂಪನಿಯ ಅಂಗಡಿಯಲ್ಲೇ ಚಲಾವಣೆ, ತೂಕವೂ ಅಂಗಡಿಯದ್ದೇ. 1907ರ ಡಿಸೆಂಬರಿನಲ್ಲಿ ಇಕೀಕೆ ಬಂದರಿಗೆ ಇಳಿದು ಬಂದ ಮುಷ್ಕರದವರ ಬೇಡಿಕೆ ಪಟ್ಟಿ ಇದನ್ನೇ ಹೇಳುತ್ತದೆ: ಬಿಲ್ಲೆಗೆ ಪೂರ್ತಿ ಬೆಲೆ ಕೊಡಿ, ಕೊಪ್ಪರಿಗೆಗೆ ಕಬ್ಬಿಣದ ಜಾಲರಿ ಹಾಕಿ, ಅಂಗಡಿಯ ಹೊರಗೆ ತಕ್ಕಡಿ ಇಡಿ, ಕೊಂಡದ್ದನ್ನು ನಾವೇ ತೂಗಿ ನೋಡುತ್ತೇವೆ, ಕಳಪೆಯೆಂದು ಬಿಟ್ಟ ಅದಿರನ್ನು ಆಮೇಲೆ ಕೊಪ್ಪರಿಗೆಗೆ ಹಾಕಿಕೊಳ್ಳಬೇಡಿ. ಇದರಲ್ಲಿ ಅತಿಯಾದದ್ದು ಒಂದೂ ಕಾಣುವುದಿಲ್ಲ. ಡಿಸೆಂಬರ್ 21ರಂದು ಸಾಂತಾ ಮರಿಯಾ ಶಾಲೆಯಲ್ಲಿ ಸೇರಿದ್ದವರ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತವರ ಎಣಿಕೆಯೂ ತಕರಾರಿನದೇ: ಅಧಿಕೃತ ಲೆಕ್ಕ 140ರ ಆಸುಪಾಸು, ಕಾರ್ಮಿಕರ ಲೆಕ್ಕ ಸಾವಿರಗಳಲ್ಲಿ.

1913ರಲ್ಲಿ ಜರ್ಮನಿಯ ಒಪ್ಪೌ ಕಾರ್ಖಾನೆ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡತೊಡಗಿತು, ಗಣಿಯ ನೈಟ್ರೇಟಿಗೆ ಪರ್ಯಾಯ ಸಿಕ್ಕಿತು. ಅಮೆರಿಕದ ಗಣಿ ಉದ್ಯಮಿ ಗುಗೆನ್‌ಹೈಮ್ ಮನೆತನ 1923ರಲ್ಲಿ ಚುಕಿಕಮಾಟಾ ತಾಮ್ರದ ಗಣಿಯನ್ನು ಮಾರಿ ನೈಟ್ರೇಟಿಗೆ ಹಣ ಸುರಿಯಿತು. ಅವರ ವಿಧಾನ ಸುಮಾರು 40 ಡಿಗ್ರಿಯಲ್ಲೇ ಶೇ 8ರ ಅದಿರನ್ನೂ ಅರಗಿಸುತ್ತಿತ್ತು, ಆದರೆ ಮಾರುಕಟ್ಟೆಯೇ ಕುಸಿಯಿತು. ಮಾರಿದ ತಾಮ್ರ ಮಾತ್ರ ಬೆಳೆಯಿತು, 1971ರಲ್ಲಿ ರಾಷ್ಟ್ರೀಕರಣವಾಯಿತು. ಹಂಬರ್‌ಸ್ಟನ್ ಮತ್ತು ಸಾಂತಾ ಲಾರಾ ಎಂಬ ಹಳೆಯ ನೈಟ್ರೇಟ್ ಕಾರ್ಖಾನೆಗಳು 2005ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ.

1984ರಿಂದ ಸಲಾರ್‌ನಲ್ಲಿ ಲಿಥಿಯಂ. ಶೇ 0.2ರಷ್ಟು ಲಿಥಿಯಂ ಇರುವ ಉಪ್ಪುನೀರನ್ನು ಪಂಪಿನಿಂದ ಎತ್ತಿ ಸಾಲು ಕೊಳಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. ಮೊದಲು ಅಡುಗೆ ಉಪ್ಪು, ಆಮೇಲೆ ಪೊಟ್ಯಾಶ್, ಕೊನೆಗೆ ಮೆಗ್ನೀಸಿಯಂ ಲವಣಗಳು ತಳ ಸೇರುತ್ತವೆ. ವರ್ಷ, ಒಂದೂವರೆ ವರ್ಷದಲ್ಲಿ ಲಿಥಿಯಂ ಶೇ 6ರ ಹತ್ತಿರ ಬರುತ್ತದೆ. ಲವಣಗಳ ನಡುವೆ ಸಿಕ್ಕಿದ ದ್ರಾವಣದಲ್ಲಿ ಒಂದಿಷ್ಟು ನಷ್ಟವಾಗುತ್ತದೆ. ಉಳಿದದ್ದು ಟ್ಯಾಂಕರಿನಲ್ಲಿ ಕರಾವಳಿಯ ಆಂತೋಫಗಾಸ್ತಾ ಬಳಿಗೆ ಹೋಗಿ, ಸೋಡಾ ಆಶ್ ಬೆರೆತು ಲಿಥಿಯಂ ಕಾರ್ಬೊನೇಟ್ ಆಗುತ್ತದೆ.

ಕೊಳದಿಂದ ಆವಿಯಾದ ನೀರು ಚಿಲಿಯ ಕಾನೂನಿನಲ್ಲಿ ನೀರಲ್ಲ, ಉಪ್ಪುನೀರು ಗಣಿಯ ಸರಕು. ನೆಲದಡಿ ಮಾತ್ರ ಈ ಗೆರೆ ಇಲ್ಲ. ಆಂಡಿಸ್‌ನಿಂದ ಬರುವ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಕೂತು ಅಂಚಿನ ಕೆರೆಗಳನ್ನು, ಅಲ್ಲಿನ ಫ್ಲೆಮಿಂಗೊಗಳನ್ನು ಸಾಕುತ್ತದೆ. ನಡುವಿನಲ್ಲಿ ಎತ್ತಿದ್ದರ ಪರಿಣಾಮ ಅಂಚಿಗೆ ಮುಟ್ಟಲು ವರ್ಷಗಳೇ ಹಿಡಿಯಬಹುದು. ಅದಕ್ಕೇ ಒಂದೆರಡು ವರ್ಷದ ಮಟ್ಟ ನೋಡಿ ತೀರ್ಮಾನಿಸಲಾಗದು. ಒಂದೇ ಬಾವಿಯನ್ನು ದಶಕಗಟ್ಟಲೆ ಅಳೆಯಬೇಕು. ಇಲ್ಲಿನ ಮೂಲನಿವಾಸಿ ಅಟಕಾಮೇನೊ ಸಮುದಾಯಗಳ ಪರಿಷತ್ತು ತನ್ನದೇ ಪರಿಸರ ಘಟಕ ಕಟ್ಟಿಕೊಂಡಿರುವುದು ಈ ಅಳತೆಗಾಗಿಯೇ. ಕಂಪನಿಯ ಅಂಕಿಗಳ ಪಕ್ಕದಲ್ಲಿ ಈಗ ಅವರ ಅಂಕಿಗಳೂ ಕೂಡಿಬರುತ್ತಿವೆ.