ಇಟಿ ಸಂಖ್ಯೆ ಏರಿದರೆ ಚಕ್ರ ಒಳಕ್ಕೆ, ಹೊರಕ್ಕಲ್ಲ

‘ಪಿಸಿಡಿ ಹೊಂದಿತು, ನಟ್ ಬಿಗಿಯಾಯಿತು, ಇನ್ನೇನು ಬೇಕು?’ ಅಲಾಯ್ ವೀಲ್ ಹಾಕಿಸಲು ಬರುವ ಬಹುಪಾಲು ಮಂದಿಯ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಪಿಸಿಡಿ ಎಂದರೆ ನಟ್ ತೂತುಗಳು ಕೂರುವ ವೃತ್ತದ ವ್ಯಾಸ. ತೂತುಗಳು ಹೊಂದಿದರೆ ಚಕ್ರ ಹಬ್ಬಿಗೆ, ಅಂದರೆ ಚಕ್ರವನ್ನು ಹೊತ್ತು ತಿರುಗುವ ಭಾಗಕ್ಕೆ, ಹತ್ತುತ್ತದೆ, ಅಷ್ಟೆ. ಹತ್ತಿದ ಮೇಲೆ ಮಡ್‌ಗಾರ್ಡಿನ ಕೆಳಗೆ ಅದು ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಆಫ್‌ಸೆಟ್. ಸ್ಪೋಕಿನ ಹಿಂಬದಿಯಲ್ಲಿ ಇಟಿ45, ಇಟಿ38 ಎಂದು ಅಚ್ಚಾಗಿರುತ್ತದಲ್ಲ, ಅದೇ. ಜರ್ಮನ್ ಪದವೊಂದರ ಮೊಟಕು ರೂಪ, ಅಳತೆ ಮಿಲಿಮೀಟರಿನದು.

ರಿಮ್ಮಿನ ಅಗಲದ ಸರಿ ನಡುವೆ ಒಂದು ಗೆರೆ ಎಳೆಯಿರಿ. ಆ ಗೆರೆಗೂ ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ ಇರುವ ದೂರ ಆಫ್‌ಸೆಟ್. ಮುಖ ನಡುಗೆರೆಗಿಂತ ಹೊರಗಡೆ ಇದ್ದರೆ ಪ್ಲಸ್, ಒಳಗಡೆ ಇದ್ದರೆ ಮೈನಸ್, ಗೆರೆಯ ಮೇಲೇ ಇದ್ದರೆ ಸೊನ್ನೆ.

ಎಲ್ಲರೂ ಎಡವುವುದು ಇನ್ನು ಮುಂದೆ. ‘38 ಬೇಡ, 45 ಕೊಡಿ, ಚಕ್ರ ಸ್ವಲ್ಪ ಹೊರಗೆ ಕಾಣಲಿ’ ಎನ್ನುತ್ತಾರೆ. ಆಗುವುದು ತಲೆಕೆಳಗು: ಅಗಲ ಒಂದೇ ಆಗಿದ್ದರೆ ಇಟಿ45 ಹಾಕಿದ ಚಕ್ರ 7 ಮಿ.ಮೀ. ಒಳಕ್ಕೇ ಹೋಗುತ್ತದೆ. ನಂಬಿಕೆಯಾಗದಿದ್ದರೆ ಒಂದು ಕೋಲನ್ನು ಮೈಯಿಂದ ಮುಂದಕ್ಕೆ ಚಾಚಿ ನಡುವೆ ಹಿಡಿಯಿರಿ. ಕೈ ಅಲುಗಬಾರದು; ಕೈಯೇ ಹಬ್, ಕೋಲು ರಿಮ್ಮಿನ ಅಗಲ. ಈಗ ಹಿಡಿತವನ್ನು ಕೋಲಿನ ಹೊರತುದಿಯ ಕಡೆಗೆ ಬದಲಿಸಿ. ಕೈ ಇದ್ದಲ್ಲೇ ಇದೆ, ಕೋಲು ನಿಮ್ಮ ಹೊಟ್ಟೆಯ ಕಡೆಗೆ ಬಂತು. ಹಬ್ ಎಂದೂ ಸರಿಯುವುದಿಲ್ಲ. ಕೂರುವ ಮುಖ ಹೊರಗಾದಷ್ಟೂ ಉಳಿದ ರಿಮ್ ಒಳಗೆ ಹೋಗಲೇಬೇಕು.

ಅಗಲವೂ ಬದಲಾದರೆ ಇಟಿಯೊಂದನ್ನೇ ನೋಡಿ ಏನೂ ಹೇಳಲಾಗದು. ಹಳೆಯದು 6ಜೆ ಇಟಿ45, ಹೊಸದು 7ಜೆ ಇಟಿ38 ಎಂದುಕೊಳ್ಳಿ (6, 7 ಎಂದರೆ ರಿಮ್ಮಿನ ಅಗಲ, ಇಂಚಿನಲ್ಲಿ). ಅಗಲ ಒಂದು ಇಂಚು, ಅಂದರೆ 25.4 ಮಿ.ಮೀ. ಹೆಚ್ಚಿತು, ಅದರಲ್ಲಿ ಅರ್ಧ, 12.7, ಹೊರಕ್ಕೆ, ಇನ್ನರ್ಧ ಒಳಕ್ಕೆ. ಇಟಿ 7 ಇಳಿದದ್ದರಿಂದ ಇಡೀ ರಿಮ್ 7 ಹೊರಕ್ಕೆ. ಕೂಡಿಸಿ ಕಳೆದರೆ ಹೊರ ಅಂಚು 19.7 ಮಿ.ಮೀ. ಆಚೆ ಬಂತು, ಒಳ ಅಂಚು 5.7 ಮಿ.ಮೀ. ಸ್ಟ್ರಟ್ (ಸಸ್ಪೆನ್ಷನ್ನಿನ ಕಂಬ) ಹತ್ತಿರ ಹೋಯಿತು. ‘ಆಫ್‌ಸೆಟ್ ಕಡಿಮೆ ಮಾಡಿದ್ದೇನೆ, ಒಳಗೆ ಜಾಗವೇ ಜಾಗ’ ಎಂದುಕೊಂಡವರು ಈ 5.7 ಅನ್ನು ಮರೆತಿರುತ್ತಾರೆ. ಇದು ರಿಮ್ಮಿನ ಲೆಕ್ಕ ಮಾತ್ರ. ಟೈರಿನ ಹೊಟ್ಟೆ ಇನ್ನೂ ಉಬ್ಬಿರುತ್ತದೆ, ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ.

ಅಚ್ಚು ಅಳಿಸಿಹೋಗಿದ್ದರೆ ಚಕ್ರವನ್ನು ಹೊರಬದಿ ಕೆಳಗಾಗಿ ಬಟ್ಟೆಯ ಮೇಲೆ ಮಲಗಿಸಿ, ಒಳ ಅಂಚಿನ ಮೇಲೆ ನೇರ ಪಟ್ಟಿ ಅಡ್ಡಲಾಗಿಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳ ಅಳೆಯಿರಿ. ಅದರಿಂದ ರಿಮ್ಮಿನ ಒಟ್ಟು ಅಗಲದ ಅರ್ಧ ಕಳೆದರೆ ಇಟಿ. ಒಟ್ಟು ಅಗಲ ಎಂದರೆ ಅಂಚಿನಿಂದ ಅಂಚಿಗೆ. 7ಜೆ ರಿಮ್ ಹೊರಗಿಂದ ಹೆಚ್ಚುಕಡಿಮೆ 8 ಇಂಚು ಬರುತ್ತದೆ. ಏಕೆಂದರೆ 7 ಎನ್ನುವುದು ಟೈರ್ ಕೂರುವ ಜಾಗದ ಅಳತೆ. ಇಲ್ಲಿ 7 ಎಂದೇ ಹಿಡಿದು 12-13 ಮಿ.ಮೀ. ತಪ್ಪು ಲೆಕ್ಕ ಹಾಕುವ ಮೆಕ್ಯಾನಿಕ್‌ಗಳೂ ಇದ್ದಾರೆ, ಬಿಡಿ.

ಟೈರ್ ಎಲ್ಲೂ ಉಜ್ಜದಿದ್ದರೆ ಸಾಕು ಅನ್ನಬೇಡಿ. ಇಟಿ ತೀರಾ ಇಳಿಸಿದರೆ ಟೈರ್ ನೆಲ ಮುಟ್ಟುವ ನಡುಬಿಂದು, ಸ್ಟೀರಿಂಗ್ ತಿರುಗುವ ಅಕ್ಷ ನೆಲ ಸೇರುವ ಬಿಂದುವಿನಿಂದ ಆಚೆ ಸರಿಯುತ್ತದೆ. ಗುಂಡಿಗೆ ಒಂದು ಚಕ್ರ ಬಿದ್ದರೂ ಸ್ಟೀರಿಂಗ್ ಕೈಯಲ್ಲಿ ಒದೆಯುವುದು, ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುವುದು ಇದರಿಂದ. ವೀಲ್ ಬೇರಿಂಗ್ ಮೇಲೂ ಭಾರ ವಾರೆಯಾಗಿ ಬೀಳುತ್ತದೆ. ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋದೀತೆಂದು ಕೇಳುತ್ತಾರೆ. ಹೋಗದು, ಅಲೈನ್‌ಮೆಂಟ್ ಕೋನಗಳನ್ನು ತಿದ್ದುತ್ತದೆಯೇ ಹೊರತು ಚಕ್ರದ ಜಾಗವನ್ನಲ್ಲ. ಎಷ್ಟರವರೆಗೆ ಇಳಿಸಬಹುದು ಎಂಬುದಕ್ಕೆ ಎಲ್ಲ ಕಾರಿಗೂ ಒಂದೇ ಉತ್ತರವಿಲ್ಲ. ಮೂಲ ಇಟಿಯಿಂದ 5 ಮಿ.ಮೀ. ಆಚೀಚೆಯಾದರೆ ಸಾಮಾನ್ಯವಾಗಿ ತೊಂದರೆ ಕಾಣದು. 15-20 ಎಂದರೆ ನಾನು ಬೇಡವೆನ್ನುತ್ತೇನೆ.

ಸ್ಪೇಸರ್, ಅಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ, ಕೇಳುವವರಿಗೆ: 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ45 ಚಕ್ರ ಇಟಿ35ರಂತೆ ನಿಲ್ಲುತ್ತದೆ. ಆದರೆ ಅದೇ 10 ಮಿ.ಮೀ. ಥ್ರೆಡ್ ಕಳೆದುಹೋಗುತ್ತದೆ. 12 ಮಿ.ಮೀ. ದಪ್ಪದ ಸ್ಟಡ್ಡಿಗೆ (ಹಬ್ಬಿನಿಂದ ಹೊರಬಂದ, ನಟ್ ಹತ್ತುವ ಬೋಲ್ಟ್) ನಟ್ ಕನಿಷ್ಠ 12 ಮಿ.ಮೀ. ಹತ್ತಬೇಕು, ಸುತ್ತಿಗೆ 1.5 ಮಿ.ಮೀ. ಸಾಗುವ ಥ್ರೆಡ್ಡಿನಲ್ಲಿ ಅದು ಪೂರ್ತಿ 8 ಸುತ್ತು. ಕೈಯಲ್ಲೇ ತಿರುಗಿಸುತ್ತಾ ಎಣಿಸಿ. 8 ಬರದಿದ್ದರೆ ಉದ್ದದ ಸ್ಟಡ್ ಬೇಕು, ಇಲ್ಲವಾದರೆ ಸ್ಪೇಸರ್ ತೆಗೆಯಿರಿ.

ಟೈರ್ ಏರಿಸುವ ಮೊದಲು ಬರೀ ರಿಮ್ಮನ್ನು ಮುಂದೊಮ್ಮೆ, ಹಿಂದೊಮ್ಮೆ ಹಾಕಿ ಕೈಯಲ್ಲಿ ತಿರುಗಿಸಿ. ಸ್ಪೋಕಿನ ಹಿಂಬದಿ ಬ್ರೇಕ್ ಕ್ಯಾಲಿಪರ್‌ಗೆ ತಾಗುವುದೋ ಎಂದು ಆಗಲೇ ಗೊತ್ತಾಗುತ್ತದೆ, ಅದನ್ನು ಯಾವ ಇಟಿ ಸಂಖ್ಯೆಯೂ ಹೇಳುವುದಿಲ್ಲ. ಟೈರ್ ಹಾಕಿದ ಮೇಲೆ ಕಾರು ನೆಲದ ಮೇಲಿರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಉಬ್ಬು ದಾಟಿಸಿ. ಖಾಲಿ ಕಾರಿನಲ್ಲಿ ಉಜ್ಜದ ಟೈರ್ ಮನೆಮಂದಿಯೆಲ್ಲ ಹತ್ತಿದ ದಿನ ಮಡ್‌ಗಾರ್ಡಿನ ಅಂಚಿಗೆ ಸಿಕ್ಕಿ ಸುಲಿಯುತ್ತದೆ. ಒಳಗೆ ಸ್ಟ್ರಟ್ಟಿಗೂ ಟೈರಿಗೂ 5 ಮಿ.ಮೀ. ಆದರೂ ಅಂತರವಿರಲಿ. 50-100 ಕಿ.ಮೀ. ಓಡಿಸಿ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ. ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ.

ಹಳೆಯ ನಟ್‌ಗಳನ್ನು ಎಸೆಯಬೇಡಿ. ಸ್ಟೆಪ್ನಿ ಇನ್ನೂ ಕಬ್ಬಿಣದ ರಿಮ್ಮಿನದೇ ಆಗಿದ್ದರೆ ಅಲಾಯ್‌ನ ನಟ್ ಅದಕ್ಕೆ ಸರಿಯಾಗಿ ಕೂರದಿರಬಹುದು. ಒಂದು ಚಕ್ರಕ್ಕೆ ಬೇಕಾಗುವಷ್ಟನ್ನು ಜಾಕ್ ಇರುವ ಚೀಲದಲ್ಲೇ ಹಾಕಿಡಿ.