ಹನ್ನೆರಡು ಜನರ ಪಟ್ಟಿಯಲ್ಲಿ ಒಂದೇ ಹೆಸರು

ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟ್ ಸೈಟು. ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಸೆಂಟ್ರಿಂಗ್ ಗ್ಯಾಂಗಿನ ಮೇಸ್ತ್ರಿ ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, "ಉಳಿದವರ ಹೆಸರು ಎಲ್ಲಿ ಹೋದವ್ರೀ ಸರ?" ಅಂದರು. ರಾಯಚೂರು ಕಡೆಯವರು. ಹನ್ನೆರಡು ಜನ ಇರಬೇಕಾದ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಅದೂ ಹಿಂದಿನ ದಿನ ಊರಿಂದ ಬಂದು ಸೇರಿಕೊಂಡ ಹುಡುಗನದು. ಸೈಟಿನಲ್ಲಿ ಹಾಜರಿ ಹಾಕುವುದು ಆ ಪಟ್ಟಿ ನೋಡಿಕೊಂಡೇ. ಅಲ್ಲಿ ಹೆಸರಿಲ್ಲದಿದ್ದರೆ ಶನಿವಾರದ ಬಟವಾಡೆಯಲ್ಲಿ ಆ ದಿನದ ಕೂಲಿ ಸಿಗುವುದಿಲ್ಲ.

ಪಟ್ಟಿಯನ್ನು ಬದಲಾಯಿಸಿದ ಕೋಡ್ ಬರೆದವನು ನಾನು. ಅವತ್ತು ಆದದ್ದೇನು ಅಂತ ಹೇಳುತ್ತೇನೆ, ಯಾಕಂದರೆ ಇದು ಯಾರ ಕೈಯಲ್ಲಾದರೂ ಆಗಬಹುದು.

ಕಟ್ಟಡ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರುಗಳು ಹೊರಗಿನ ಪ್ರೋಗ್ರಾಮುಗಳಿಗಾಗಿ ಒಂದು ಎಪಿಐ ಇಟ್ಟಿರುತ್ತವೆ. ಬ್ಯಾಂಕಿನ ಕೌಂಟರ್ ಇದ್ದ ಹಾಗೆ ಅದು. ಒಳಗೆ ಹೋಗಿ ಲೆಡ್ಜರ್ ತಿದ್ದುವ ಹಾಗಿಲ್ಲ, ಚೀಟಿ ತುಂಬಿ ಕೊಡಬೇಕು. ಇರುವ ದಾಖಲೆ ಬದಲಾಯಿಸುವ ಚೀಟಿಯಲ್ಲಿ ಮುಖ್ಯವಾಗಿ ಎರಡು ಬಗೆ. 'ಪುಟ್' ಅಂದರೆ ಹಳೇ ದಾಖಲೆ ತೆಗೆದು ಇದನ್ನು ಇಡು. 'ಪ್ಯಾಚ್' ಅಂದರೆ ನಾನು ಹೇಳಿದ್ದಷ್ಟನ್ನೇ ಬದಲಾಯಿಸು, ಉಳಿದದ್ದು ಹಾಗೇ ಇರಲಿ. ಪ್ಯಾಚ್‌ಗೆ 2010ರಲ್ಲಿ ಅಧಿಕೃತ ನಿಯಮ ಬಂತು.

ನಾನು ಕಳಿಸಿದ್ದು ಪ್ಯಾಚ್. ಹೊಸ ಹುಡುಗನ ನಂಬರು, ಅಂದರೆ ಸಾಫ್ಟ್‌ವೇರಿನಲ್ಲಿ ಅವನಿಗಿರುವ ಗುರುತಿನ ಸಂಖ್ಯೆ, ಅದನ್ನು ಮಾತ್ರ ಹಾಕಿ ಕಳಿಸಿದರೆ ಅವನು ಪಟ್ಟಿಗೆ ಸೇರುತ್ತಾನೆ ಅಂದುಕೊಂಡಿದ್ದೆ. ಗ್ಯಾಂಗಿನ ಹೆಸರು, ಮೇಸ್ತ್ರಿಯ ಹೆಸರು ಎರಡೂ ಹಾಗೇ ಉಳಿದವು, ಅಷ್ಟರ ಮಟ್ಟಿಗೆ ನನ್ನ ಎಣಿಕೆ ಸರಿ. ಆದರೆ ಸರ್ವರಿನ ಲೆಕ್ಕದಲ್ಲಿ 'ಸದಸ್ಯರು' ಅನ್ನುವುದೂ ಒಂದೇ ಒಂದು ಖಾನೆ! ಆ ಖಾನೆಗೆ ನಾನು ಕೊಟ್ಟದ್ದು ಒಬ್ಬನಿರುವ ಪಟ್ಟಿ. ಹಳೇ ಪಟ್ಟಿ ಹೋಯಿತು, ಇದು ಕೂತಿತು. ಇದು ಸರ್ವರಿನ ತಪ್ಪಲ್ಲ. ಜೇಸನ್ ಮರ್ಜ್ ಪ್ಯಾಚ್ ಅನ್ನುವ 2014ರ ನಿಯಮ ಇದನ್ನೇ ಹೇಳುತ್ತದೆ: ಪಟ್ಟಿ ಕಳಿಸಿದರೆ ಇಡೀ ಪಟ್ಟಿ ಬದಲಾಗುತ್ತದೆ. ಕೆಲವು ಎಪಿಐಗಳಲ್ಲಿ ಒಬ್ಬರನ್ನು ಸೇರಿಸಲು, ತೆಗೆಯಲು ಬೇರೆ ದಾರಿಯೇ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಕೋಡ್ ಬರೆಯುವ ಮೊದಲು ಇದೊಂದನ್ನು ಓದಿ ತಿಳಿದುಕೊಳ್ಳಲೇಬೇಕು.

ಹಾಗಾದರೆ ಮೊದಲು ಇರುವ ಪಟ್ಟಿ ತರಿಸಿಕೊಂಡು, ಹೊಸ ಹೆಸರು ಸೇರಿಸಿ, ಪೂರ್ತಿ ವಾಪಸ್ ಕಳಿಸಿದರೆ ಆಯಿತಲ್ವಾ? ಆಗಲ್ಲ. ನಿಜವಾದ ತೊಂದರೆ ಇರುವುದೇ ಇಲ್ಲಿ. ಒಂಬತ್ತು ಗಂಟೆಗೆ ನಾನು ಪಟ್ಟಿ ತರಿಸಿಕೊಂಡೆ ಅನ್ನಿ. ಒಂಬತ್ತು ಒಂದಕ್ಕೆ ಸೈಟ್ ಇಂಜಿನಿಯರ್ ಒಬ್ಬರನ್ನು ಆ ಗ್ಯಾಂಗಿನಿಂದ ತೆಗೆದು ಬಾರ್ ಬೆಂಡಿಂಗ್ ಗ್ಯಾಂಗಿಗೆ ಹಾಕುತ್ತಾರೆ. ಒಂಬತ್ತು ಎರಡಕ್ಕೆ ನನ್ನ ಹಳೇ ಪಟ್ಟಿ ವಾಪಸ್ ಹೋಗುತ್ತದೆ, ಆ ಮನುಷ್ಯ ಮತ್ತೆ ಸೆಂಟ್ರಿಂಗಿನಲ್ಲಿ ಪ್ರತ್ಯಕ್ಷ. ಎರಡು ಕಡೆ ಹೆಸರು, ಎರಡು ಕಡೆ ಹಾಜರಿ, ಆಮೇಲೆ ಅವರ ಮೇಲೇ ಅನುಮಾನ. ಯಾರೂ ಮೋಸ ಮಾಡಿಲ್ಲ, ಸುಮ್ನೆ ಇಬ್ಬರು ಒಂದೇ ಹೊತ್ತಿಗೆ ತಿದ್ದಿದ್ದಾರೆ, ಅಷ್ಟೇ.

ಇದಕ್ಕೆ ಇರುವ ಉಪಾಯ ನನಗೆ ತುಂಬಾ ಇಷ್ಟ. ಸರ್ವರ್ ಪಟ್ಟಿ ಕೊಡುವಾಗ ಜೊತೆಗೆ ಈಟ್ಯಾಗ್ ಅನ್ನುವ ಒಂದು ಗುರುತನ್ನೂ ಕೊಡಬಹುದು. ಪಟ್ಟಿ ಬದಲಾದರೆ ಗುರುತೂ ಬದಲಾಗುತ್ತದೆ. ವಾಪಸ್ ಕಳಿಸುವಾಗ ನಾವು 'ಗುರುತು ಇನ್ನೂ ಇದೇ ಆಗಿದ್ದರೆ ಮಾತ್ರ ಬರೆದುಕೋ' ಅಂತ ಸೇರಿಸುತ್ತೇವೆ. ನಡುವೆ ಯಾರಾದರೂ ಕೈ ಹಾಕಿದ್ದರೆ 412 ಅನ್ನುವ ಉತ್ತರ ಬರುತ್ತದೆ, ಏನೂ ಬದಲಾಗುವುದಿಲ್ಲ. ಹೊಸ ಪಟ್ಟಿ ತರಿಸಿಕೊಂಡು ಮತ್ತೆ ಶುರು ಮಾಡಬೇಕು. ಗುರುತಿಲ್ಲದೆ ಬಂದ ಚೀಟಿಯನ್ನು ತೆಗೆದುಕೊಳ್ಳುವುದೇ ಇಲ್ಲ ಅಂತ ಸರ್ವರ್ ಹಟ ಹಿಡಿಯಬಹುದು, ಅದಕ್ಕೆ 428 ಇದೆ. ಎಲ್ಲ ಎಪಿಐಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಇರಬೇಕಿತ್ತು.

ಇನ್ನು ನೆಟ್‌ವರ್ಕ್. ಎರಡನೇ ಬೇಸ್‌ಮೆಂಟಿನಲ್ಲಿ ನಿಂತು ಬಟನ್ ಒತ್ತಿದರೆ ಚೀಟಿ ಹೋಗಿರುತ್ತದೆ, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಫೋನು ಮತ್ತೆ ಕಳಿಸುತ್ತದೆ. ಗಾರೆಯವರಿಗೆ 'ಗೋಡೆ ಏಳು ಅಡಿಗೆ ಬರಲಿ' ಅಂತ ಎರಡು ಸಲ ಹೇಳಿದರೂ ಗೋಡೆ ಏಳು ಅಡಿಯೇ. 'ಇನ್ನೊಂದು ಅಡಿ ಏರಿಸಿ' ಅಂತ ಎರಡು ಸಲ ಹೇಳಿದರೆ ಒಂದು ಅಡಿ ಜಾಸ್ತಿ. ಪುಟ್ ಯಾವಾಗಲೂ ಮೊದಲನೇ ಥರದ ಮಾತು. ಪ್ಯಾಚ್ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ, ಬರೆಯುವವರೇ ನೋಡಿಕೊಳ್ಳಬೇಕು.

ಹೆಸರಿನ ಬದಲು ನಂಬರು ಯಾಕೆ ಅಂತ ಮೇಸ್ತ್ರಿ ಒಮ್ಮೆ ಕೇಳಿದ್ದರು. ಅವರ ಗ್ಯಾಂಗಿನಲ್ಲೇ ಮೂವರು ಬಸವರಾಜ ಇದ್ದಾರೆ. ಅವರಿಗೆ ಸಣ್ಣ ಬಸ್ಯಾ, ದೊಡ್ಡ ಬಸ್ಯಾ, ಬಸಣ್ಣ ಅಂತ ಗೊತ್ತು, ಸರ್ವರಿಗೆ ಗೊತ್ತಿಲ್ಲ.

ಒಬ್ಬರು ಗ್ಯಾಂಗ್ ಬಿಟ್ಟರೆ ಅವರ ದಾಖಲೆಯನ್ನೇ ಅಳಿಸಬೇಡಿ, 'ಇಂಥ ತಾರೀಖಿನವರೆಗೆ ಇದ್ದರು' ಅಂತ ಗುರುತು ಹಾಕಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಲೆಕ್ಕದ ಪ್ರಕಾರ, ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿರಬೇಕು. ಮೂರು ಸೈಟು ಬದಲಾಯಿಸಿದವರು ಆ 90 ದಿನ ತೋರಿಸಬೇಕು ಅಂದರೆ ಯಾವುದೋ ಹಳೇ ಪಟ್ಟಿಯಲ್ಲಿ ಅವರ ಹೆಸರು ಉಳಿದಿರಬೇಕಲ್ಲ.

ಆ ಸೋಮವಾರ ನಮ್ಮನ್ನು ಕಾಪಾಡಿದ್ದು ಮೇಸ್ತ್ರಿಯ ಅಂಗಿ ಜೇಬಿನಲ್ಲಿದ್ದ ಹಾಜರಿ ಪುಸ್ತಕ, ನಲವತ್ತು ಪುಟದ್ದು, ಅಂಚಿಗೆಲ್ಲ ಸಿಮೆಂಟ್ ಮೆತ್ತಿದ್ದು. ಅದರಲ್ಲಿದ್ದ ಹನ್ನೊಂದು ಹೆಸರುಗಳನ್ನು ಅವರು ಓದುತ್ತಾ ಹೋದರು, ನಾನು ಪಕ್ಕದಲ್ಲೇ ಇಟ್ಟಿಗೆ ರಾಶಿ ಮೇಲೆ ಕೂತು ಒಂದೊಂದೇ ನಂಬರು ಹುಡುಕಿ ವಾಪಸ್ ಹಾಕಿದೆ. ಈಗ 412 ಬಂದರೆ ಅವರ ಫೋನಿನಲ್ಲಿ ಕನ್ನಡದಲ್ಲೇ ಬರುತ್ತದೆ: 'ಪಟ್ಟಿ ಈಗಷ್ಟೇ ಬದಲಾಗಿದೆ. ಹೊಸದನ್ನು ನೋಡಿ, ಆಮೇಲೆ ಸೇರಿಸಿ.' ಪುಸ್ತಕ ಇನ್ನೂ ಜೇಬಿನಲ್ಲಿದೆ. ಇರಲಿ ಅಂತ ನಾನೇ ಹೇಳಿದ್ದೇನೆ.