ವೆಂಟಿಲೇಟರ್‌ನಲ್ಲಿರುವ ರೋಗಿಗೆ ಎಷ್ಟು ಆಹಾರ? ಎಪ್ಪತ್ತು ವರ್ಷಗಳ ಚರ್ಚೆಯ ಹಿನ್ನೆಲೆ

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಗಳ ಶ್ವಾಸನಾಳಕ್ಕೆ ನಳಿಕೆ ಹಾಕಿಸಿ, ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೈಯಿಂದಲೇ ಗಾಳಿಚೀಲ ಒತ್ತುವ ವ್ಯವಸ್ಥೆ ಮಾಡಿದರು. ತೀವ್ರ ನಿಗಾ ಘಟಕದ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಬರೆಯುತ್ತಾರೆ. ಉಸಿರಾಟ ಸೋತವರು ಯಂತ್ರದ ಆಸರೆಯಲ್ಲಿ ವಾರಗಟ್ಟಲೆ ಬದುಕುವುದು ಸಾಧ್ಯವಾದ ಮೇಲೆ, ಅವರಿಗೆ ಆಹಾರವನ್ನು ಯಾವ ದಾರಿಯಲ್ಲಿ, ಯಾವಾಗ, ಎಷ್ಟು ಕೊಡಬೇಕೆಂಬ ಪ್ರಶ್ನೆಯೂ ಎದುರಾಯಿತು. ಅದಕ್ಕೆ ಸಿಕ್ಕ ಉತ್ತರ ಹಲವು ಬಾರಿ ಬದಲಾಗಿದೆ.

ಉಪವಾಸದ ಭಯಕ್ಕೆ ಆಧಾರವಿತ್ತು. ಮೂಳೆ ಮುರಿದವರ ಮೂತ್ರದಲ್ಲಿ ಸಾರಜನಕ ಹೆಚ್ಚಾಗಿ ಹೋಗುವುದನ್ನು ಡೇವಿಡ್ ಕತ್‌ಬರ್ಟ್‌ಸನ್ 1930ರ ದಶಕದಲ್ಲಿಯೇ ತೋರಿಸಿದ್ದರು. ಸಾರಜನಕ ಪ್ರೋಟೀನಿನ ಅಂಶ; ಹಾಗಾಗಿ ಗಂಭೀರ ಪೆಟ್ಟು ಬಿದ್ದ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ ಎಂಬುದು ಅದರ ಅರ್ಥವಾಗಿತ್ತು. ಕರುಳು ಕೆಲಸ ಮಾಡದಿದ್ದರೂ ದೊಡ್ಡ ರಕ್ತನಾಳದ ಮೂಲಕವೇ ಪೂರ್ಣ ಪೋಷಣೆ ಕೊಡಬಹುದೆಂದು ಸ್ಟ್ಯಾನ್ಲಿ ಡಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು 1968ರ ಹೊತ್ತಿಗೆ ಸಾಧಿಸಿ ತೋರಿಸಿದರು. ಕೊಡಲು ಸಾಧ್ಯವಾದ ಮೇಲೆ ಧಾರಾಳವಾಗಿ ಕೊಡುವುದೇ ಪದ್ಧತಿಯಾಯಿತು. 1970ರ ದಶಕದಲ್ಲಿ ರೋಗಿಯ ಅಗತ್ಯವನ್ನು ಮೀರಿದಷ್ಟು ಗ್ಲೂಕೋಸ್ ಹರಿಸುವುದು ಅಪರೂಪವೇನೂ ಆಗಿರಲಿಲ್ಲ.

ಶ್ವಾಸಕೋಶಕ್ಕೆ ಇದರಿಂದ ಆಗುವ ಹೊರೆಯನ್ನು 1980ರಲ್ಲಿ ಅಸ್ಕನಾಜಿ, ಕಿನ್ನಿ ಮತ್ತಿತರರು ಗುರುತಿಸಿದರು. ಗ್ಲೂಕೋಸ್ ಉರಿಯುವಾಗ ಬಳಕೆಯಾದ ಆಮ್ಲಜನಕದಷ್ಟೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕೊಬ್ಬು ಉರಿದರೆ ಅದು ಬಳಕೆಯಾದ ಆಮ್ಲಜನಕದ ಸುಮಾರು 0.7 ಪಾಲು ಮಾತ್ರ. ಹೆಚ್ಚಾದ ಗ್ಲೂಕೋಸನ್ನು ದೇಹ ಕೊಬ್ಬಾಗಿ ಪರಿವರ್ತಿಸತೊಡಗಿದಾಗ ಈ ಅನುಪಾತ ಒಂದನ್ನೂ ದಾಟುತ್ತದೆ. ಆರೋಗ್ಯವಂತರು ತುಸು ಜೋರಾಗಿ ಉಸಿರಾಡಿ ಅದನ್ನು ಹೊರಹಾಕುತ್ತಾರೆ, ಆದರೆ ದಣಿದ ಶ್ವಾಸಕೋಶವುಳ್ಳವರಿಗೆ ಅದು ಆಗದು; ವೆಂಟಿಲೇಟರ್‌ನಿಂದ ಬಿಡಿಸುವ ಹಂತದಲ್ಲಂತೂ ಅದು ನೇರ ಅಡ್ಡಿ. ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಕೊಬ್ಬು ಹೆಚ್ಚು, ಕಾರ್ಬೋಹೈಡ್ರೇಟ್ ಕಡಿಮೆ ಇರುವ ‘ಶ್ವಾಸಕೋಶದ ರೋಗಿಗಳ’ ವಿಶೇಷ ಆಹಾರ ದ್ರವಗಳು ಮಾರುಕಟ್ಟೆಗೇ ಬಂದವು. 1992ರಲ್ಲಿ ಟಾಲ್ಪರ್ಸ್ ಮತ್ತು ಸಂಗಡಿಗರು ಒಟ್ಟು ಕ್ಯಾಲೊರಿಯನ್ನು ಬದಲಿಸದೆ ಕಾರ್ಬೋಹೈಡ್ರೇಟ್ ಪಾಲನ್ನು ಮಾತ್ರ ಶೇ. 40ರಿಂದ 75ರವರೆಗೆ ಏರಿಸಿ ನೋಡಿದರು. ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಹೆಚ್ಚಲಿಲ್ಲ. ಒಟ್ಟು ಕ್ಯಾಲೊರಿ ಏರಿಸಿದಾಗ ಮಾತ್ರ ಹೆಚ್ಚಿತು. ಅಂದರೆ ತೊಂದರೆಯ ಮೂಲ ಅತಿ ಪೋಷಣೆಯಲ್ಲಿತ್ತು, ಆಹಾರದ ಬಗೆಯಲ್ಲಲ್ಲ. ಅಂಥ ವಿಶೇಷ ದ್ರವಗಳು ಬೇಡವೆಂದು 2016ರ ಅಮೆರಿಕದ ಮಾರ್ಗಸೂಚಿ ಹೇಳಿತು.

ಇದೇ ಅವಧಿಯಲ್ಲಿ ಸದ್ದಿಲ್ಲದೆ ಆದ ಒಂದು ಸಂಶೋಧನೆ ಹೆಚ್ಚು ಬಾಳಿತು ಎಂದು ನನಗನ್ನಿಸುತ್ತದೆ. ರಕ್ತದಲ್ಲಿ ಫಾಸ್ಫೇಟ್ ಕುಸಿದಿದ್ದ ಉಸಿರಾಟ ವೈಫಲ್ಯದ ರೋಗಿಗಳಿಗೆ ಅದನ್ನು ತುಂಬಿಕೊಟ್ಟಾಗ ವಪೆಯ (ಉಸಿರೆಳೆಯುವ ಮುಖ್ಯ ಸ್ನಾಯುವಿನ) ಸಂಕೋಚನ ಶಕ್ತಿ ಹೆಚ್ಚಿದ್ದನ್ನು ಆಬಿಯೆ ಮತ್ತು ಸಂಗಡಿಗರು 1985ರಲ್ಲಿ ವರದಿ ಮಾಡಿದರು. ಬಹುದಿನ ಹಸಿದಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಸುರಿದರೆ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು ರಕ್ತದಲ್ಲಿ ಕುಸಿಯುತ್ತದೆ; ಆದ್ದರಿಂದ ಪೋಷಣೆ ಆರಂಭಿಸಿದ ದಿನಗಳಲ್ಲಿ ಅದನ್ನು ಮತ್ತೆ ಮತ್ತೆ ಅಳೆಯುವುದು ಇಂದಿಗೂ ತಪ್ಪದ ಕ್ರಮ.

ಮೀನೆಣ್ಣೆಯ ಕಥೆಯೂ ತರ್ಕ ಮುಂದೆ ಓಡಿ ಪುರಾವೆ ಹಿಂದುಳಿದ ಕಥೆಯೇ. ಉರಿಯೂತ ತಗ್ಗಿಸುವ ಒಮೆಗಾ-3 ಕೊಬ್ಬಿನಾಮ್ಲಗಳನ್ನು ಬೆರೆಸಿದ ಆಹಾರದಿಂದ ವೆಂಟಿಲೇಟರ್ ಅವಧಿ ಕಡಿಮೆಯಾಗುತ್ತದೆಂದು 1999ರ ಗಡೆಕ್ ಪ್ರಯೋಗ ಆಶೆ ಹುಟ್ಟಿಸಿತು. ಆದರೆ 2011ರ ಒಮೆಗಾ ಪ್ರಯೋಗ ಪ್ರಯೋಜನ ಕಾಣದೆ 272 ರೋಗಿಗಳಿಗೇ ನಿಂತಿತು. ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳು ಒಮೆಗಾ-3 ಪಡೆದವರಲ್ಲೇ ಕಡಿಮೆಯಿದ್ದವು. ಮೊದಲಿನ ಪ್ರಯೋಗದಲ್ಲಿ ಹೋಲಿಕೆಗೆ ಬಳಸಿದ್ದ ಆಹಾರವೇ ಒಮೆಗಾ-6 ಕೊಬ್ಬು ಹೆಚ್ಚಿರುವಂಥದ್ದು, ಹಾಗಾಗಿ ಆ ಹೋಲಿಕೆ ನ್ಯಾಯವಾದದ್ದಲ್ಲ ಎಂಬ ಆಕ್ಷೇಪ ಆಗಲೇ ಇತ್ತು.

ಪ್ರಮಾಣದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 2012ರ ಈಡನ್ ಪ್ರಯೋಗ. ತೀವ್ರ ಶ್ವಾಸಕೋಶ ಹಾನಿಯಿಂದ ವೆಂಟಿಲೇಟರ್‌ನಲ್ಲಿದ್ದ 1000 ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲ ಆರು ದಿನ ನಳಿಕೆಯಿಂದ ದಿನಕ್ಕೆ ಸುಮಾರು 400 ಕಿಲೋಕ್ಯಾಲೊರಿಯನ್ನಷ್ಟೇ, ಇನ್ನೊಂದಕ್ಕೆ ಸುಮಾರು 1300 ಕಿಲೋಕ್ಯಾಲೊರಿಯನ್ನು ಕೊಡಲಾಯಿತು. ವೆಂಟಿಲೇಟರ್ ಇಲ್ಲದ ದಿನಗಳು ಎರಡೂ ಕಡೆ ಹೆಚ್ಚುಕಡಿಮೆ 15. 60 ದಿನಗಳೊಳಗಿನ ಸಾವು ಶೇ. 23.2 ಮತ್ತು ಶೇ. 22.2. ಕಡಿಮೆ ಪಡೆದವರಲ್ಲಿ ವಾಂತಿಯಂಥ ತೊಂದರೆಗಳೂ ಕಡಿಮೆಯಿದ್ದವು. ಸುಮಾರು 4000 ರೋಗಿಗಳ 2018ರ ಟಾರ್ಗೆಟ್ ಪ್ರಯೋಗದಲ್ಲಿ ಕ್ಯಾಲೊರಿ ಹೆಚ್ಚಿಸಿದರೂ ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ. 2023ರಲ್ಲಿ ಫ್ರಾನ್ಸಿನ ನ್ಯೂಟ್ರಿರಿಯಾ-3 ಪ್ರಯೋಗ ಇನ್ನೂ ಮುಂದೆ ಹೋಯಿತು: ವೆಂಟಿಲೇಟರ್ ಜೊತೆಗೆ ಆಘಾತ ಸ್ಥಿತಿಯಲ್ಲೂ (ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿದ ಸ್ಥಿತಿ) ಇದ್ದವರಿಗೆ ಮೊದಲ ವಾರ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರ ಬದಲು ಕೇವಲ 6 ಕಿಲೋಕ್ಯಾಲೊರಿ ಕೊಟ್ಟಾಗ ಸಾವು ಹೆಚ್ಚಲಿಲ್ಲ, ಚೇತರಿಕೆ ತುಸು ಬೇಗನೆ ಆಯಿತು. ಅದೇ ವರ್ಷ ಎಫರ್ಟ್ ಪ್ರಯೋಗ ಹೆಚ್ಚು ಪ್ರೋಟೀನಿನಿಂದಲೂ ಲಾಭ ಕಾಣಲಿಲ್ಲ. ಮೂತ್ರಪಿಂಡ ಕೆಟ್ಟವರಲ್ಲಿ ಹಾನಿಯ ಸೂಚನೆಯೇ ಕಂಡಿತು.

ಹಾಗೆಂದು ಸ್ನಾಯು ನಷ್ಟ ಸುಳ್ಳಲ್ಲ. ನಿಗಾ ಘಟಕದ ಹತ್ತು ದಿನಗಳಲ್ಲಿ ತೊಡೆಯ ಒಂದು ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇ. 17.7ರಷ್ಟು ಕುಗ್ಗಿದ್ದನ್ನು 2013ರ ಅಧ್ಯಯನವೊಂದು ಅಳೆದಿದೆ. ರೋಗದ ಮೊದಲ ದಿನಗಳಲ್ಲಿ ದೇಹವು ತನ್ನೊಳಗಿನಿಂದಲೇ ಗ್ಲೂಕೋಸ್ ತಯಾರಿಸುತ್ತಿರುತ್ತದೆ, ಹೊರಗಿನಿಂದ ಕೊಟ್ಟದ್ದು ಅದನ್ನು ತಡೆಯದೆ ಅದರ ಮೇಲೆ ಸೇರಿಕೊಳ್ಳುತ್ತದೆ ಎಂಬುದು ಇಂದಿನ ವಿವರಣೆ. ಹೀಗಾಗಿ ಯುರೋಪಿನ ಮಾರ್ಗಸೂಚಿಯ ಪ್ರಕಾರ, ಆದಷ್ಟು ಹೊಟ್ಟೆಯ ದಾರಿಯಲ್ಲೇ ಬೇಗ ಶುರುಮಾಡಿ, ಆರಂಭದಲ್ಲಿ ಅಂದಾಜು ಅಗತ್ಯದ ಶೇ. 70ನ್ನು ಮೀರದೆ, ಮೂರನೆಯ ದಿನದ ನಂತರ ಕ್ರಮೇಣ ಏರಿಸಬೇಕು. ನಿದ್ರಾಜನಕ ಪ್ರೊಪೊಫಾಲ್ ಕೊಬ್ಬಿನ ದ್ರವದಲ್ಲಿ ಬರುವುದರಿಂದ ಪ್ರತಿ ಮಿಲಿಲೀಟರಿಗೆ ಸುಮಾರು 1.1 ಕಿಲೋಕ್ಯಾಲೊರಿ ತರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ವಾರದ ಮೇಲೆ ಇಷ್ಟೊಂದು ಪ್ರಯೋಗಗಳು ನಡೆದರೂ ನಂತರದ ವಾರಗಳ ಮೇಲೆ ನಡೆದದ್ದು ಬಹಳ ಕಡಿಮೆ. ಶ್ವಾಸನಾಳದ ನಳಿಕೆ ತೆಗೆದ ಮೇಲೆ ನುಂಗಲು ಕಷ್ಟ, ಬಾಯಿರುಚಿ ಇಲ್ಲ. ಆಹಾರದ ನಳಿಕೆಯನ್ನೂ ಆಗಲೇ ತೆಗೆದುಬಿಡುವುದುಂಟು. 50 ರೋಗಿಗಳ ಮೇಲಿನ 2010ರ ಒಂದು ಚಿಕ್ಕ ಅಧ್ಯಯನದಲ್ಲಿ, ನಳಿಕೆ ತೆಗೆದ ಮೊದಲ ಏಳು ದಿನಗಳಲ್ಲಿ ಬಾಯಿಯಿಂದ ತಿನ್ನುತ್ತಿದ್ದವರ ಸರಾಸರಿ ಸೇವನೆ ಒಂದು ದಿನವೂ ಅಗತ್ಯದ ಅರ್ಧವನ್ನು ದಾಟಲಿಲ್ಲ.